ಥಾಯ್ಲೆಂಡಲ್ಲಿ ನಮ್ಮನೆಗೆ ಪೊಲೀಸ್ರು ಬಂದಿದ್ರು, ಕೇಳಿದ್ದು ಒಂದು ಚೀಟಿ

ಇದು ನಡೆದಿದ್ದು 2025ರ ಮೇ ಕೊನೇಲಿ. ಊರಲ್ಲಿ ಅಕ್ಕ ಒಬ್ರನ್ನ ಬಿಟ್ರೆ ಯಾರಿಗೂ ಆಗ ಹೇಳಿರ್ಲಿಲ್ಲ, ಅಮ್ಮಂಗೆ ಗೊತ್ತಾದ್ರೆ ಆವತ್ತಿಂದ್ಲೇ "ಸಾಕು, ವಾಪಸ್ ಬಂದ್ಬಿಡಿ" ಅಂತ ಶುರು ಮಾಡ್ತಿದ್ರು. ಈಗ ನಮ್ ಕಡೆಯಿಂದ ಸುಮಾರು ಜನ ಇಲ್ಲಿನ ಫ್ಯಾಕ್ಟ್ರಿಗಳಿಗೆ ಕೆಲಸಕ್ಕೆ ಬರ್ತಿದಾರೆ, ಹೆಂಡ್ತಿ ಮಕ್ಕಳನ್ನೂ ಕರ್ಕೊಂಡ್ ಬರ್ತಾರೆ, ಮನೇಲಿ ಒಬ್ರೇ ಇರೋ ಹೆಣ್ಮಕ್ಕಳಿಗಾದ್ರೂ ಇದು ಮೊದಲೇ ಗೊತ್ತಿರ್ಲಿ ಅಂತ ಬರೀತಿದೀನಿ.

ನಾವಿರೋದು ರಯೋಂಗ್ ಪ್ರಾಂತ್ಯದ ಪ್ಲುವಕ್ ದೇಂಗ್ ಕಡೆ. ಬ್ಯಾಂಕಾಕಿಂದ ಕಾರಲ್ಲಿ ಎರಡು ಎರಡೂವರೆ ಗಂಟೆ. ಎಲ್ಲಿ ನೋಡಿದ್ರೂ ಕಾರಿನ ಪಾರ್ಟ್ಸ್ ಫ್ಯಾಕ್ಟ್ರಿ, ಅದರ ಮಧ್ಯೆ ಮಧ್ಯೆ ರಬ್ಬರ್ ತೋಟ, ದುರಿಯನ್ ತೋಟ. ನಮ್ಮ ಯಜಮಾನ್ರು ಒಂದು ಕಂಪನೀಲಿ ಕ್ವಾಲಿಟಿ ನೋಡ್ಕೋತಾರೆ. ಅವರದ್ದು ನಾನ್-ಬಿ, ಅಂದ್ರೆ ಕೆಲಸಕ್ಕೆ ಬರೋರ ವೀಸಾ ಮೇಲೆ ಒಂದ್ ವರ್ಷದ ಎಕ್ಸ್‌ಟೆನ್ಶನ್ನು, ಜೊತೆಗೆ ಆಗ ವರ್ಕ್ ಪರ್ಮಿಟ್ಟಿನ ನೀಲಿ ಪುಸ್ತಕ ಇತ್ತು. ನಂದೂ ಮಗಂದೂ ನಾನ್-ಓ, ಅಂದ್ರೆ ಅವರ ವೀಸಾದ ಬಾಲಕ್ಕೆ ಕಟ್ಟಿರೋದು, ಅವರದು ಮುಗಿದ್ರೆ ನಮ್ದೂ ಮುಗೀತು. ಸಂಕ್ರಾನ್ ಹಬ್ಬ ಮುಗಿಸ್ಕೊಂಡು, ಅಂದ್ರೆ ಏಪ್ರಿಲ್ 13, 14, 15 ಆದ್ಮೇಲೆ, ಹಳೇ ಅಪಾರ್ಟ್‌ಮೆಂಟ್ ಬಿಟ್ಟು ಈಗಿರೋ ಮೂಬಾನ್‌ಗೆ ಬಂದ್ವಿ. ಮೂಬಾನ್ ಅಂದ್ರೆ ನಮ್ಮ ಲೇಔಟ್ ಇದ್ದಂಗೆ, ಗೇಟು, ವಾಚ್‌ಮನ್ನು, ಒಂದೇ ಥರದ ಮನೆ ಸಾಲು. ಮನೆ ಸಿಕ್ಕಿದ ಖುಷೀಲಿ ಒಂದು ವಿಷಯ ಸಡಿಲ ಬಿಟ್ಬಿಟ್ವಿ, ಅದನ್ನೇ ಹೇಳ್ತೀನಿ.

ಮಧ್ಯಾಹ್ನ ಎರಡೂವರೆ ಇರ್ಬೇಕು. ಮಗ ಸ್ಕೂಲಲ್ಲಿ, ನಾನು ಮಳೆ ಬರೋ ಹಂಗಿದೆ ಅಂತ ಬಟ್ಟೆ ಎತ್ತಿಡ್ತಾ ಇದ್ದೆ. ಗೇಟಿನ ಹತ್ರ ಬೈಕ್ ನಿಂತ ಸದ್ದು. ನೋಡಿದ್ರೆ ಇಬ್ರು ಪೊಲೀಸ್ರು, ಮೈಗಂಟಿರೋ ಆ ಕಂದು ಖಾಕಿ ಯೂನಿಫಾರ್ಮು, ಒಬ್ಬರಿಗೆ ವಯಸ್ಸಾಗಿತ್ತು, ಇನ್ನೊಬ್ಬ ಹುಡುಗ. ಅವರ ಹಿಂದೆ ನಮ್ ವಾಚ್‌ಮನ್ ತಲೆ ತಗ್ಗಿಸ್ಕೊಂಡು ನಿಂತಿದ್ದ. ನನ್ನ ಎದೆ ಹೊಡ್ಕೊಂಡಿದ್ದು ನಂಗೇ ಕೇಳಿಸ್ತಿತ್ತು. ಪೊಲೀಸು ಮನೆ ಬಾಗಿಲಿಗೆ ಬರೋದು ಅಂದ್ರೆ ನಮಗೆ ಗೊತ್ತಿರೋದು ಎರಡೇ, ಒಂದು ಪಾಸ್‌ಪೋರ್ಟ್ ವೆರಿಫಿಕೇಶನ್ನು, ಇನ್ನೊಂದು ಏನೋ ಕೆಟ್ಟದ್ದು. ಮೊದಲು ತಲೆಗೆ ಬಂದಿದ್ದು ಇವರಿಗೆ ಫ್ಯಾಕ್ಟ್ರೀಲಿ ಏನಾದ್ರೂ ಆಯ್ತಾ ಅಂತ.

ಹಿರಿಯವರು ಕೈ ಮುಗಿದು "ಸವಾದೀ ಖ್ರಾಪ್" ಅಂದ್ರು. ನಾನೂ "ಸವಾದೀ ಖಾ" ಅಂದೆ. ಕುತ್ತಿಗೇಲಿ ನೇತಾಡ್ತಿದ್ದ ಐಡಿ ಕಾರ್ಡ್ ಅವರೇ ತೋರಿಸಿದ್ರು. ಕೇಳಿದ್ದು ಪಾಸ್‌ಪೋರ್ಟು, ಮನೆ ಅಗ್ರಿಮೆಂಟು, ಆಮೇಲೆ "ತೋ ಮೋ ಸಾಮ್‌ಸಿಪ್". ಇಮಿಗ್ರೇಶನ್‌ಗೆ ಇಲ್ಲಿ ಜನ ಬಾಯಲ್ಲಿ ಹೇಳೋದು ತೋ ಮೋ, ಸಾಮ್‌ಸಿಪ್ ಅಂದ್ರೆ ಮೂವತ್ತು. ಅಂದ್ರೆ ಟಿಎಂ 30. ನನ್ನತ್ರ ಇಲ್ದೇ ಇದ್ದಿದ್ದು ಅದೊಂದೇ.

ಏನಿದು ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ಬರೋ ಮುಂಚೆ ಇದನ್ನ ಯಾರೂ ಸರಿಯಾಗಿ ಹೇಳಲ್ಲ. ಥಾಯ್ಲೆಂಡಿನ ಇಮಿಗ್ರೇಶನ್ ಕಾಯ್ದೆ 1979ರದ್ದು, ಅವರ ಬುದ್ಧನ ಶಕೆ ಲೆಕ್ಕದಲ್ಲಿ 2522. ಅದರ 38ನೇ ಸೆಕ್ಷನ್ ಪ್ರಕಾರ ಪರದೇಶದವರನ್ನ ಮನೇಲಿಟ್ಕೊಂಡ ಮನೆ ಯಜಮಾನ, ಓನರು ಅಥವಾ ಹೋಟೆಲ್ ಮ್ಯಾನೇಜರು, ಅವರು ಬಂದು 24 ಗಂಟೆ ಒಳಗೆ ಇಮಿಗ್ರೇಶನ್ನಿಗೆ ತಿಳಿಸ್ಬೇಕು, ಇಮಿಗ್ರೇಶನ್ ಆಫೀಸ್ ಇಲ್ದಿರೋ ಕಡೆ ಲೋಕಲ್ ಸ್ಟೇಶನ್ನಿಗೆ. ಆ ಫಾರ್ಮೇ ಟಿಎಂ 30. ಟೂರಿಗೆ ಬಂದು ಹೋಟೆಲಲ್ಲಿ ಉಳಿಯೋರಿಗೆ ಇದರ ಗಾಳೀನೂ ಸೋಕಲ್ಲ, ಹೋಟೆಲ್ಲಿನವರೇ ಕಂಪ್ಯೂಟರಲ್ಲಿ ಹಾಕಿರ್ತಾರೆ. ಬಾಡಿಗೆ ಮನೇಲಿ ಇರೋರಿಗೆ ಮಾತ್ರ ಇದು ಗಂಟಲಲ್ಲಿ ಸಿಕ್ಕೊಂಡ ಮುಳ್ಳು. ಫಾರ್ಮ್ ಹಾಕೋದು ಓನರ್ ಕೆಲಸ, ದಂಡ ಬೀಳೋದೂ ಕಾನೂನಿನ ಪ್ರಕಾರ ಅವರಿಗೇ, ಮನೆಯವರಿಗಾದ್ರೆ 2,000 ಬಾಟ್ ತನಕ. ಆದ್ರೆ ಫಾರ್ಮ್ ಹಾಕಿದ್ದಕ್ಕೆ ಕೊಡೋ ಚೀಟಿ ಇಲ್ದೆ ವೀಸಾ ಎಕ್ಸ್‌ಟೆನ್ಶನ್ನಿಗೆ ಹೋದ್ರೆ ಕೌಂಟರಿಂದ ವಾಪಸ್ ಕಳಿಸೋದು ನಮ್ಮನ್ನ. ಇನ್ನೊಬ್ರು ಮಾಡ್ಬೇಕಾದ ಕೆಲಸ, ಅವರು ಮಾಡ್ಲಿಲ್ಲ ಅಂದ್ರೆ ಕಾಲು ನಡುಗೋದು ನಮ್ದು. ಇದು ನಂಗೆ ಈಗ್ಲೂ ನ್ಯಾಯ ಅನ್ಸಲ್ಲ.

ನಮ್ ಓನರಮ್ಮ ಕೆಟ್ಟವರಲ್ಲ. "ಹಾಕ್ತೀನಿ, ಹಾಕ್ತೀನಿ" ಅಂತ ಲೈನ್‌ನಲ್ಲಿ ಸ್ಟಿಕರ್ ಕಳಿಸ್ತಾನೇ ಐದ್ ವಾರ ಆಗಿತ್ತು. ಇಲ್ಲಿ ವಾಟ್ಸಾಪಿಗಿಂತ ಲೈನ್ ಆ್ಯಪೇ ಎಲ್ಲದಕ್ಕೂ. ಕೆಲವು ಓನರ್‌ಗಳು ಬಾಡಿಗೆ ದುಡ್ಡು ಟ್ಯಾಕ್ಸ್‌ನವರ ಕಣ್ಣಿಗೆ ಬೀಳುತ್ತೆ ಅಂತ ಬೇಕಂತ್ಲೇ ಹಾಕಲ್ಲ, ಇವರು ಹಂಗಲ್ಲ, ಬರೀ ಆಲಸ್ಯ. ನಮ್ದೂ ತಪ್ಪಿದೆ. ಅಡ್ರೆಸ್ ಬದಲಾದ್ರೆ 24 ಗಂಟೇಲಿ ತಿಳಿಸ್ಬೇಕು ಅಂತ 37ನೇ ಸೆಕ್ಷನ್ನಲ್ಲಿ ನಮಗೂ ಹೇಳಿದೆ. ಜೂನಲ್ಲಿ ಹೆಂಗೂ 90 ದಿನದ ರಿಪೋರ್ಟ್, ಅಂದ್ರೆ 90 ದಿನಕ್ಕೊಂದ್ಸಲ ಇಮಿಗ್ರೇಶನ್ನಿಗೆ ಅಡ್ರೆಸ್ ತಿಳಿಸೋದು, ಇದೆಯಲ್ಲ, ಆಗ ಒಟ್ಟಿಗೇ ಮಾಡಿದ್ರಾಯ್ತು ಅಂತ ಇಬ್ರೂ ಅಂದ್ಕೊಂಡ್ವಿ.

ವಾಪಸ್ ಗೇಟಿಗೆ ಬರ್ತೀನಿ. ಒಳಗೆ ಬನ್ನಿ ಅನ್ಬೇಕಾ ಬೇಡ್ವಾ ಗೊತ್ತಾಗ್ಲಿಲ್ಲ, ಅವರೇ ಮುಂದಿನ ಸಿಟೌಟ್ ತೋರಿಸಿ ಇಲ್ಲೇ ಸಾಕು ಅಂದ್ರು. ಬೂಟು ಬಿಚ್ಚಿ ಮೆಟ್ಲ ಹತ್ರ ಜೋಡಿಸಿಟ್ಟು ಕೂತ್ರು. ಯೂನಿಫಾರ್ಮಲ್ಲಿರೋ ಪೊಲೀಸ್ರು ನಮ್ಮನೆ ಮುಂದೆ ಬರೀ ಸಾಕ್ಸಲ್ಲಿ ಕೂತಿರೋದು ನೋಡಿದ್ಮೇಲೆ ನಂಗೆ ಸ್ವಲ್ಪ ಉಸಿರು ಬಂತು. ತಣ್ಣೀರು ತಂದಿಟ್ಟೆ, ಅಮ್ಮ ಕಳಿಸಿದ್ದ ಕೋಡುಬಳೆ ಇತ್ತು, ಅದನ್ನೂ ಇಟ್ಟೆ. ಆ ಹುಡುಗ "ಫೆತ್ ಮೈ?" ಅಂದ, ಖಾರಾನಾ ಅಂತ. ಖಾರ ತಿನ್ನೋ ದೇಶದವನು ಕೋಡುಬಳೆಗೆ ಹೆದರಿದ್ದ!

ಅವರು ಒಂದು ಶೀಟಲ್ಲಿ ಬರ್ಕೊಂಡ್ರು. ಹೆಸರು, ಪಾಸ್‌ಪೋರ್ಟ್ ನಂಬರು, ವೀಸಾ ಯಾವಾಗ ಮುಗಿಯುತ್ತೆ, ಗಂಡ ಎಲ್ಲಿ ಕೆಲಸ ಮಾಡ್ತಾರೆ, ಮನೇಲಿ ಎಷ್ಟು ಜನ, ಬೇರೆ ಯಾರಾದ್ರೂ ಬಂದು ಉಳ್ಕೋತಾರಾ, ನಾನು ಏನಾದ್ರೂ ಕೆಲಸ ಮಾಡ್ತೀನಾ. ಈ ಕೊನೇ ಪ್ರಶ್ನೆ ಸುಮ್ನೆ ಮಾತಿಗೆ ಕೇಳಿದ್ದಲ್ಲ. ನನ್ನಂಥ ನಾನ್-ಓ ಮೇಲಿರೋರು ವರ್ಕ್ ಪರ್ಮಿಟ್ ಇಲ್ದೆ ಕೆಲಸ ಮಾಡಂಗಿಲ್ಲ. ಮನೇಲಿ ಟ್ಯೂಶನ್ ಹೇಳ್ಕೊಟ್ಟು, ಊಟದ ಡಬ್ಬಿ ಮಾಡ್ಕೊಟ್ಟು ದುಡ್ಡು ತಗೊಳೋ ಯೋಚನೆ ಇದ್ರೆ ದಯವಿಟ್ಟು ಎರಡು ಸಲ ಯೋಚ್ನೆ ಮಾಡಿ. ಶೀಟಿನ ಮೇಲೆ ಹಿರಿಯವರು ವರ್ಷ 2568 ಅಂತ ಬರೆದ್ರು. ಶಕೆ ಲೆಕ್ಕ ಗೊತ್ತಿದ್ರೂ ಆ ಗಾಬರೀಲಿ ನಂಗೆ ಹೊಳೀಲೇ ಇಲ್ಲ, ನನ್ ವೀಸಾ ತಾರೀಖೇ ತಪ್ಪಾಗಿದೆ ಅಂತ ಅರ್ಧ ನಿಮಿಷ ಬೆವತು ಹೋದೆ. ನಮ್ಮ ಇಸವಿಗೆ 543 ಕೂಡಿದ್ರೆ ಅವರದ್ದು ಅಷ್ಟೇ.

ಟಿಎಂ 30 ಎಲ್ಲಿ ಅಂತ ಮತ್ತೆ ಕೇಳಿದಾಗ ಮೊಬೈಲ್ ಟ್ರಾನ್ಸ್‌ಲೇಟರಲ್ಲಿ "ಓನರ್ ಇನ್ನೂ ಕೊಟ್ಟಿಲ್ಲ" ಅಂತ ತೋರಿಸಿದೆ. ಹಿರಿಯವರ ಮುಖ ಗಂಟಾಯ್ತು. ಅಷ್ಟರಲ್ಲಿ ಪಕ್ಕದ ಮನೆ ಪಾ ಕಾಂಪೌಂಡ್ ಹತ್ರ ಬಂದ್ರು. ಪಾ ಅಂದ್ರೆ ಥಾಯ್‌ನಲ್ಲಿ ದೊಡ್ಡಮ್ಮ, ಇಲ್ಲೂ ಯಾರನ್ನೂ ಬರೀ ಹೆಸರಿಡಿದು ಕರೆಯಲ್ಲ, ದೊಡ್ಡೋರಿಗೆ ಪೀ, ಚಿಕ್ಕೋರಿಗೆ ನೋಂಗ್, ಅಮ್ಮನಿಗಿಂತ ದೊಡ್ಡೋರಿಗೆ ಪಾ. ಅವರು ಪೊಲೀಸ್ರ ಜೊತೆ ಜೋರಾಗಿ ಏನೋ ಮಾತಾಡೋಕೆ ಶುರು ಮಾಡಿದ್ರು, ನಂಗೆ ಅರ್ಥ ಆಗಿದ್ದು ಎರಡು ಮೂರು ಪದ, "ಖೇಕ್", "ಲೂಕ್", "ರೋಂಗ್‌ರೀನ್". ಖೇಕ್ ಅಂದ್ರೆ ನಮ್ಮಂಥ ಇಂಡಿಯಾದವರು. ಲೂಕ್ ಮಗು, ರೋಂಗ್‌ರೀನ್ ಸ್ಕೂಲು. ಈ ಖೇಕ್ ಅನ್ನೋ ಪದ ಕೆಲವರಿಗೆ ಬೇಜಾರಾಗುತ್ತೆ, ನಂಗೂ ಮೊದಮೊದಲು ಚುಚ್ಚಿತ್ತು, ಆಮೇಲೆ ಗೊತ್ತಾಯ್ತು ಅದರ ಮೂಲ ಅರ್ಥ ಅತಿಥಿ ಅಂತ. ಬ್ಯಾಂಕಾಕಿನ ಸಿಲೋಂನಲ್ಲಿರೋ ಮಾರಿಯಮ್ಮನ ಗುಡೀನ ಊರೋರೆಲ್ಲ ವಾತ್ ಖೇಕ್ ಅಂತ್ಲೇ ಕರೆಯೋದು. ಪಾ ಹೇಳಿದ್ದು ಏನಂದ್ರೆ ಈ ಮನೆಯವರು ನಂಗೆ ಗೊತ್ತು, ಗಂಡ ಬೆಳಿಗ್ಗೆ ಫ್ಯಾಕ್ಟ್ರಿ ವ್ಯಾನಲ್ಲಿ ಹೋಗ್ತಾನೆ, ಮಗು ಸ್ಕೂಲಿಗೆ ಹೋಗುತ್ತೆ, ಈ ಹುಡುಗಿ ದಿನಾ ಬಾಗಿಲಿಗೆ ಬಿಳೀ ಪುಡೀಲಿ ಹೂವು ಬರೀತಾಳೆ ಅಂತ. ನನ್ ರಂಗೋಲಿ! ಸಂಜೆ ಅವರೇ ನಿಧಾನಕ್ಕೆ ಹೇಳಿದಾಗ ಕಣ್ಣಲ್ಲಿ ನೀರು ಬಂತು. ನಾನು ಅವರಿಗೆ ಅಲ್ಲಿತನಕ ಕೊಟ್ಟಿದ್ದು ಎರಡು ಸಲ ಚಿತ್ರಾನ್ನ, ಅಷ್ಟೇ.

ಹಿರಿಯವರು ಓನರಮ್ಮಂಗೆ ಅಲ್ಲಿಂದ್ಲೇ ಫೋನ್ ಹಚ್ಚಿದ್ರು. ಐದ್ ವಾರದಲ್ಲಿ ಆಗ್ದೆ ಇದ್ದಿದ್ದು ಐದ್ ನಿಮಿಷದಲ್ಲಿ ಆಯ್ತು, ನಾಳೆ ಬೆಳಿಗ್ಗೆ ಬರ್ತೀನಿ ಅಂತ ಒಪ್ಕೊಂಡ್ರು. ಹೋಗೋ ಮುಂಚೆ ಗೇಟಲ್ಲಿರೋ ಮನೆ ನಂಬರ್ ಪಕ್ಕ ನನ್ನ ನಿಲ್ಲಿಸಿ ಫೋಟೋ ತೆಗೆದ್ರು. ಅದು ನಂಗೆ ಇಷ್ಟ ಆಗ್ಲಿಲ್ಲ, ಕಳ್ಳರ ಫೋಟೋ ತೆಗೆದಂಗೆ ಅನ್ನಿಸ್ತು. ಆಮೇಲೆ ಯಜಮಾನ್ರ ಥಾಯ್ ಸಹೋದ್ಯೋಗಿಗಳು ಹೇಳಿದ್ರಂತೆ, ಇಲ್ಲಿ ಸರ್ಕಾರಿ ನೌಕರರು ಯಾವ್ ಡ್ಯೂಟಿಗೆ ಹೋದ್ರೂ ಹೋಗಿದ್ವಿ ಅನ್ನೋದಕ್ಕೆ ಫೋಟೋ ತೆಗೆದು ಅವರ ಗ್ರೂಪಿಗೆ ಹಾಕ್ಬೇಕು ಅಂತ. ಒಂದು ಬಾಟ್ ಕೂಡ ಕೇಳ್ಲಿಲ್ಲ. ಹುಡುಗ ಎರಡು ಕೋಡುಬಳೆ ಜೇಬಿಗೆ ಹಾಕ್ಕೊಂಡು ಹೋದ.

ಎಲ್ಲರಿಗೂ ಇಷ್ಟು ಮೆತ್ತಗೆ ಇರಲ್ಲ, ಅದನ್ನೂ ಹೇಳ್ಬೇಕು. ನಮ್ ಮೂಬಾನ್ ಹಿಂದೆ ತಗಡಿನ ಶೆಡ್ಡುಗಳಿವೆ, ಕಟ್ಟಡ ಕೆಲಸದ ಬರ್ಮಾ, ಕಾಂಬೋಡಿಯಾ ಕಡೆ ಜನ. ಅವರಿಗೆ ಸರ್ಕಾರ ಕೊಡೋದು ಗುಲಾಬಿ ಬಣ್ಣದ ಕಾರ್ಡು, ಜನ ಬಾತ್ ಚೊಂಪೂ ಅಂತಾರೆ. ಅದೇ ದಿನ ಅಲ್ಲಿಗೂ ಹೋಗಿದ್ರಂತೆ, ಕಾರ್ಡ್ ಇಲ್ದಿರೋ ಮೂರು ಜನಾನ ಪಿಕಪ್ ಹಿಂದೆ ಕೂರಿಸ್ಕೊಂಡು ಹೋದ್ರು ಅಂತ ವಾಚ್‌ಮನ್ ಹೇಳಿದ. ನನ್ ಹತ್ರಾನೂ ಒಂದ್ ಕಾಗದ ಇರ್ಲಿಲ್ಲ, ಅವರ ಹತ್ರಾನೂ ಇರ್ಲಿಲ್ಲ. ನಂಗೆ ಮರ್ಯಾದೆಯಿಂದ ಗಡುವು ಸಿಕ್ತು. ಅವರ ಕಾಗದ ಬೇರೆ, ನನ್ನದು ಬೇರೆ ಅಂತ ಕಾನೂನು ಹೇಳ್ಬಹುದು, ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಹಳಬರು ಹೇಳ್ತಾರೆ 2018ರ ಸುಮಾರಿಗೆ ಎಕ್ಸ್‌ರೇ ಔಟ್‌ಲಾ ಫಾರಿನರ್ ಅಂತ ದೇಶ ಪೂರ್ತಿ ಕಾರ್ಯಾಚರಣೆ ನಡೆದಾಗ ಭಾಷಾ ಶಾಲೆ, ಬಾಡಿಗೆ ಮನೆ ಎಲ್ಲ ಕಡೆ ತಪಾಸಣೆ ಇತ್ತು ಅಂತ. ಅವಧಿ ಮೀರಿ ಉಳಿದಿರೋರದ್ದು ದಿನಕ್ಕೆ 500 ಬಾಟ್ ದಂಡ, ಜಾಸ್ತಿ ಅಂದ್ರೆ 20,000. ದಂಡಕ್ಕಿಂತ ದೊಡ್ಡ ಭಯ ಏನಂದ್ರೆ, ತಾವಾಗೇ ಹೋಗಿ ಒಪ್ಪಿಸ್ಕೊಳ್ದೆ ಹಿಂಗೆ ತಪಾಸಣೇಲಿ ಸಿಕ್ಕಿಬಿದ್ರೆ, ಒಂದ್ ವರ್ಷದ ಒಳಗಿನ ಓವರ್‌ಸ್ಟೇಗೇ ಐದ್ ವರ್ಷ ಈ ದೇಶಕ್ಕೆ ಕಾಲಿಡಂಗಿಲ್ಲ.

ಮಾರನೇ ದಿನ ಓನರಮ್ಮ ಬಂದ್ರು. ಅವರ ಐಡಿ ಕಾರ್ಡ್ ಜೆರಾಕ್ಸು, ಥಬೀನ್ ಬಾನ್ ಅಂತ ಮನೆಯ ನೀಲಿ ಪುಸ್ತಕದ ಜೆರಾಕ್ಸು, ನಮ್ ಪಾಸ್‌ಪೋರ್ಟು, ಅಗ್ರಿಮೆಂಟು. ಒಂದೊಂದು ಜೆರಾಕ್ಸ್ ಮೇಲೂ ಅಡ್ಡಗೆರೆ ಎಳೆದು, ಯಾವ ಕೆಲಸಕ್ಕೆ ಕೊಟ್ಟಿದ್ದು ಅಂತ ಬರೆದು ಸೈನ್ ಮಾಡಿದ್ರು, ಬೇರೆ ಯಾವುದಕ್ಕೂ ಯಾರೂ ಬಳಸ್ಬಾರ್ದು ಅಂತ. ಈ ಅಭ್ಯಾಸ ನಂಗೆ ತುಂಬಾ ಹಿಡಿಸ್ತು, ಆಧಾರ್ ಜೆರಾಕ್ಸನ್ನ ಸಿಕ್ಸಿಕ್ ಕಡೆ ಕೊಟ್ಟು ಬರೋ ನಾವು ಕಲೀಬೇಕು. ರಯೋಂಗ್ ಆಫೀಸಲ್ಲಿ 1,600 ಬಾಟ್ ದಂಡ, ಅವರೇ ಕಟ್ಟಿದ್ರು, ಜೊತೆಗೆ ಒಂದ್ ಬುಟ್ಟಿ ಮ್ಯಾಂಗೋಸ್ಟೀನ್ ಕೊಟ್ಟು ಸಾರಿ ಅಂದ್ರು. ಸೀಲ್ ಹಾಕಿದ ಆ ಅಂಗೈಯಗಲದ ಚೀಟಿ ಪಾಸ್‌ಪೋರ್ಟಿಗೆ ಪಿನ್ ಮಾಡ್ಕೊಂಡ್ ಬಂದ್ವಿ.

ಬರೋರಿಗೆ ನಾನು ಹೇಳೋದು ಇಷ್ಟು. ಅಡ್ವಾನ್ಸ್ ಕೊಡೋ ಮುಂಚೇನೇ ಟಿಎಂ 30 ಹಾಕ್ತೀರಾ ಅಂತ ಕೇಳಿ, ತಡವರಿಸಿದ್ರೆ ಎಷ್ಟೇ ಚೆನ್ನಾಗಿರೋ ಮನೆಯಾದ್ರೂ ಬಿಡಿ. 90 ದಿನದ ರಿಪೋರ್ಟನ್ನ 15 ದಿನ ಮುಂಚಿಂದ 7 ದಿನ ಆದ್ಮೇಲಿನ ತನಕ ಕೊಡಬಹುದು, ಫ್ರೀ, ತಪ್ಪಿದ್ರೆ 2,000 ಬಾಟ್. ಊರಿಗೆ ಹೋಗೋ ಮುಂಚೆ ರೀ-ಎಂಟ್ರಿ ಪರ್ಮಿಟ್, ಅಂದ್ರೆ ಅದೇ ವೀಸಾ ಮೇಲೆ ವಾಪಸ್ ಬರೋ ಅನುಮತಿ, ಮರೀಬೇಡಿ, ಒಂದ್ ಸಲಕ್ಕೆ 1,000, ಇಲ್ಲಾಂದ್ರೆ ವರ್ಷದ ಎಕ್ಸ್‌ಟೆನ್ಶನ್ನೇ ಏರ್‌ಪೋರ್ಟಲ್ಲಿ ಸತ್ತೋಗುತ್ತೆ. ಬಂದಿರೋರು ನಿಜವಾದ ಪೊಲೀಸ್ರಾ ಅಂತ ಅನುಮಾನ ಬಂದ್ರೆ ಗೇಟ್ ತೆಗೀದೆ ಇಮಿಗ್ರೇಶನ್ನಿನ 1178ಕ್ಕೋ ಟೂರಿಸ್ಟ್ ಪೊಲೀಸಿನ 1155ಕ್ಕೋ ಫೋನ್ ಮಾಡಿ. ಕಾಗದ ನೋಡೋದು ಬೇರೆ, ಮನೆ ಜಾಲಾಡೋದು ಬೇರೆ, ಅದಕ್ಕೆ ತುರ್ತು ಸಂದರ್ಭ ಬಿಟ್ರೆ ಕೋರ್ಟ್ ವಾರೆಂಟ್ ಬೇಕು. ಮತ್ತೆ, ಪಕ್ಕದ ಮನೆಯವರ ಜೊತೆ ಮಾತಾಡ್ತಾ ಇರಿ, ಭಾಷೆ ಬರ್ದೇ ಇದ್ರೂ.

ಪೊಲೀಸ್ರು ಬಂದಿದ್ದ ದಿನ ಸಂಜೆ ತಲೆಗೆ ಹೊಳೆದಿದ್ದು ಮೈಸೂರಿನ ನಮ್ಮಕ್ಕ. ಅವರ ಮನೆ ಗೋಕುಲಂನಲ್ಲಿ, ಮಹಡಿ ಮೇಲಿನ ರೂಮನ್ನ ಯೋಗ ಕಲಿಯೋಕೆ ಬರೋ ಪರದೇಶದ ಹುಡುಗೀರಿಗೆ ಬಾಡಿಗೆ ಕೊಡ್ತಾರೆ, ಆ ಏರಿಯಾದಲ್ಲಿ ಸುಮಾರು ಮನೇಲಿ ಹಂಗೇ. ಫೋನ್ ಮಾಡಿ "ಅಕ್ಕಾ, ಮೇಲಿರೋ ಹುಡುಗೀದು ಫಾರ್ಮ್ ಸಿ ಹಾಕಿದ್ದೀರಾ?" ಅಂದೆ. ನಮ್ ದೇಶದಲ್ಲೂ ಇದೇ ರೂಲು, ಪರದೇಶದವರು ಬಂದು ಉಳ್ಕೊಂಡ್ರೆ 24 ಗಂಟೇಲಿ ಮನೆಯವರು ತಿಳಿಸ್ಬೇಕು, ಆಗ ಅದಕ್ಕಿದ್ದ ಫಾರ್ಮೇ ಫಾರ್ಮ್ ಸಿ. ಅಕ್ಕ "ಅಯ್ಯೋ, ಅವ್ಳು ಮೂರ್ ತಿಂಗಳಿಗೆ ಬಂದಿರೋಳು, ಒಳ್ಳೇ ಹುಡುಗಿ ಕಣೇ, ಅದೆಲ್ಲ ಯಾಕೆ" ಅಂದ್ರು. ನಮ್ ಓನರಮ್ಮ ಹೇಳಿದ್ದೂ ಹೆಚ್ಚು ಕಡಿಮೆ ಅದೇನೇ. ನಂಗೆ ಸಿಟ್ಟೇ ಬಂತು, ಅಕ್ಕನ ಮೇಲೆ ಯಾವತ್ತೂ ದನಿ ಎತ್ತಿದವಳಲ್ಲ, ಆವತ್ತು ಎತ್ತಿದೆ. ಗೇಟ್ ಹತ್ರ ನಿಂತಿದ್ದು, ಫೋಟೋ ತೆಗೆದಿದ್ದು, ಎಲ್ಲ ಹೇಳ್ಬಿಟ್ಟೆ. ಅಕ್ಕ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ವಾರ ಬಿಟ್ಟು ಭಾವ ಫೋನ್ ಮಾಡಿದ್ರು, ಮನೇನ ಆನ್‌ಲೈನಲ್ಲಿ ರಿಜಿಸ್ಟರ್ ಮಾಡಿಸಿ ಫಾರ್ಮ್ ಹಾಕಾಯ್ತು ಅಂತ. ಆ ಹುಡುಗಿ ಒಂದ್ ಪ್ರಿಂಟ್ ಕೇಳಿ ಇಸ್ಕೊಂಡು ಪಾಸ್‌ಪೋರ್ಟ್ ಒಳಗೆ ಇಟ್ಕೊಂಡ್ಲಂತೆ.