ಒಂದು ಸುರಂಗ, ಐದು ತೋಟ: ನೀರು ಹಂಚುವ ಲೆಕ್ಕದ ಮೂರನೇ ವಾರ

ಕಾಸರಗೋಡಿನ ಬಾಯಾರಿನಲ್ಲಿ ನಮ್ಮ ಗುಡ್ಡಕ್ಕೆ ನೀರಿಗಾಗಿ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ಅಡಿಕೆ ಮರದ ದಂಬೆಯಲ್ಲಿ (ಮರ ಸೀಳಿ ಮಾಡಿದ ಕಾಲುವೆಯಲ್ಲಿ) ಬಂದು ಒಂದು ಟ್ಯಾಂಕಿಗೆ ಬೀಳುತ್ತದೆ. ಅಲ್ಲಿಂದ ಪೈಪಿನಲ್ಲಿ ಐದು ಮನೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಅದನ್ನು ಯಾರಿಗೂ ಬೇಜಾರಾಗದ ಹಾಗೆ ಹಂಚಲು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆಯುತ್ತಿದ್ದೇನೆ.

ಮೊದಲ ವಾರ ಪೂರ್ತಿ ಅಳತೆಗೇ ಹೋಯಿತು. ದಂಬೆಯ ಬಾಯಿಗೆ 10 ಲೀಟರಿನ ಬಕೆಟ್ ಹಿಡಿದರೆ ತುಂಬಲು 50 ಸೆಕೆಂಡ್ ಬೇಕು. ದಿನಕ್ಕೆ 17,280 ಲೀಟರ್ ಆಯಿತು. ಪ್ರತಿ ಮನೆಯ ಖರ್ಚಿಗೆ ದಿನಕ್ಕೆ 500 ಲೀಟರ್, ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ 16 ಲೀಟರ್ ಅಂತ ಹಿಡಿದೆ. ಮೇಲಿನ ಮನೆಯಿಂದ ಕೆಳಗಿನವರೆಗೆ 90, 160, 220, 340, 470 ಮರಗಳಿವೆ. ಒಟ್ಟು 22,980 ಲೀಟರ್ ಬೇಕು. ಇರುವುದು ಅಷ್ಟಿಲ್ಲ.

ಎರಡನೇ ವಾರ ಬರೆದದ್ದು ಕಂಪ್ಯೂಟರ್ ನೆಟ್‌ವರ್ಕ್‌ನವರು ಲೈನ್ ಹಂಚಲು ಬಳಸುವ ಮ್ಯಾಕ್ಸ್-ಮಿನ್ ವಿಧಾನ. ಎಲ್ಲರ ಪಾಲನ್ನೂ ಒಟ್ಟಿಗೇ ಏರಿಸುತ್ತಾ ಹೋಗುವುದು. ಯಾರಿಗೆ ಸಾಕಾಯಿತೋ ಅವರು ಅಲ್ಲಿಗೆ ನಿಲ್ಲುತ್ತಾರೆ, ಉಳಿದವರಿಗೆ ಏರಿಸುವುದು ಮುಂದುವರಿಯುತ್ತದೆ. ಮೇಲಿನ ಮೂರು ಮನೆಗೆ ಬೇಕಾದಷ್ಟು ಸಿಕ್ಕಿತು. ಕೆಳಗಿನ ಎರಡಕ್ಕೆ ತಲಾ 4,130 ಲೀಟರ್. ತುಂಬ ಖುಷಿಯಾಗಿ ಕೊನೆಯ ಮನೆಯ ಭಾವನಿಗೆ ತೋರಿಸಿದೆ. "ಮರಕ್ಕೆ ಕೊಡುವ ನೀರನ್ನು ಮನೆ ಲೆಕ್ಕದಲ್ಲಿ ಹಂಚುವುದಾ ಭಾವಾ?" ಅಂದ. ಹೌದಲ್ವಾ! ಅವನ ಮರಕ್ಕೆ 7.7 ಲೀಟರ್ ಬಿದ್ದರೆ ಪಕ್ಕದ ತೋಟದ ಮರಕ್ಕೆ 10.7.

ಸರಿ, ಮರ ಲೆಕ್ಕಕ್ಕೆ ಬದಲಾಯಿಸಿದೆ. ಮನೆ ಖರ್ಚು ಕಳೆದು ಎಲ್ಲ ಮರಕ್ಕೂ 11.5 ಲೀಟರ್ ಬಂತು. ಚಂದ ಕಂಡಿತು. ಆದರೆ ನಾನು ಪೈಪನ್ನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಕೆಳಗಿನ ಎರಡೂ ಮನೆಗೆ ಹೋಗುವುದು ಒಂದೇ ಹಳೇ ಅರ್ಧ ಇಂಚಿನ ಕಪ್ಪು ಪೈಪು. ಅದರ ತುದಿಯಲ್ಲಿ ಅದೇ ಬಕೆಟ್ ತುಂಬಲು ಎರಡು ನಿಮಿಷ. ದಿನಕ್ಕೆ 7,200 ಲೀಟರ್, ಅದಕ್ಕಿಂತ ಒಂದು ಹನಿಯೂ ಜಾಸ್ತಿ ಇಳಿಯುವುದಿಲ್ಲ. ಈ ಮಿತಿಯನ್ನು ಸೇರಿಸಿ ಓಡಿಸಿದಾಗ ಮೇಲಿನ ಮರಗಳಿಗೆ ಪೂರ್ತಿ 16 ಲೀಟರ್, ಕೆಳಗಿನವಕ್ಕೆ 7.7. ಅದೂ ಅಲ್ಲದೆ 1,060 ಲೀಟರ್ ಯಾರಿಗೂ ಸಿಗದೆ ಟ್ಯಾಂಕಿಯಿಂದ ತುಂಬಿ ಹರಿದು ಹೋಗುತ್ತದೆ. ಟ್ಯಾಂಕಿಯ ಪಕ್ಕದಲ್ಲಿ ವರ್ಷವಿಡೀ ಕೆಸುವು ಹಸಿರಾಗಿರುವುದು ಯಾಕೆ ಅಂತ ಈಗ ಗೊತ್ತಾಯಿತು.

2017ರಲ್ಲಿ ಅಬೆಬೆ, ಕ್ಲೈನ್‌ಬರ್ಗ್, ಪಾರ್ಕ್ಸ್ ಎಂಬ ಸಂಶೋಧಕರು ಹಂಚಿಕೆಯನ್ನು ಬೇರೆ ಥರ ನೋಡಿದರು. ಯಾರೂ ತಮ್ಮ ಪಾಲನ್ನು ಎಲ್ಲರ ಪಾಲಿಗೂ ಹೋಲಿಸುವುದಿಲ್ಲ, ತಮಗೆ ಸಂಬಂಧ ಇರುವವರ ಪಾಲಿಗೆ ಮಾತ್ರ ಹೋಲಿಸುತ್ತಾರೆ ಅಂತ ಇಟ್ಟುಕೊಂಡು ಲೆಕ್ಕ ಮಾಡಿದರು. ನಮ್ಮಲ್ಲಿ ಬೇಲಿಯಾಚೆಯ ತೋಟವೇ ಕಣ್ಣಿಗೆ ಬೀಳುವುದು. ಹಾಗೆ ನೋಡಿದರೆ ಐದು ಮನೆಗಳ ನಡುವೆ ತಕರಾರು ಇರುವುದು ಒಂದೇ ಬೇಲಿಯಲ್ಲಿ, ಮೂರನೇ ಮತ್ತು ನಾಲ್ಕನೇ ಮನೆಯ ನಡುವೆ. ಹಳೇ ಪೈಪು ಶುರುವಾಗುವುದೂ ಅಲ್ಲೇ. ಪ್ರೋಗ್ರಾಂ ಎಷ್ಟು ಒಳ್ಳೆಯದಿದ್ದರೂ ಆ ಪೈಪು ಬದಲಾಯಿಸದೆ ಆಗದು.

ಈ ವಾರ ಇನ್ನೊಂದು ತೊಡಕು. ಪೈಪು ಸರಿಯಾದರೂ ಮರ ಲೆಕ್ಕದಲ್ಲಿ ಮೇಲಿನ ಮನೆಯ ದೊಡ್ಡಮ್ಮನಿಗೆ 400 ಲೀಟರ್ ಕಡಿಮೆಯಾಗುತ್ತದೆ. ಅವರಿಗಿರುವುದೇ 90 ಮರ, ಜೀವನ ನಡೆಯುವುದು ಅದರಲ್ಲಿ. ಆ ಮರಗಳು ಒಣಗಿದರೆ ಲೆಕ್ಕ ಸರಿ ಇದ್ದು ಏನು ಪ್ರಯೋಜನ? ಹಾಗಾಗಿ ಪ್ರತಿ ಮನೆಯ ಮೊದಲ 100 ಮರಕ್ಕೆ ಪೂರ್ತಿ 16 ಲೀಟರ್, ಉಳಿದ ನೀರು ಮಿಕ್ಕ ಮರಗಳಿಗೆ ಸಮನಾಗಿ ಅಂತ ಮಾಡಿ ನೋಡಿದೆ. ಮಿಕ್ಕ ಮರಗಳಿಗೆ 8.8 ಲೀಟರ್ ಬಂತು. ಭಾವನ ತೋಟಕ್ಕೆ ಸರಾಸರಿ 10.3. ಅವನು ಕಾಗದವನ್ನು ಎರಡು ಸಲ ನೋಡಿ, "ದೊಡ್ಡಮ್ಮನಿಗೆ ಅಲ್ವಾ, ಆಗಬಹುದು" ಅಂದ.

ಭಾನುವಾರ ಒಂದು ಇಂಚಿನ ಪೈಪಿಗೆ ಕಣಿ ತೋಡಲು ಐದೂ ಮನೆಯವರು ಬರುತ್ತಾರೆ.