ಕ್ಯಾಕ್ಟಸ್ ಸಾಕುವುದಾದರೆ ಮೊದಲು ಅದರ ಊರು ಕೇಳಿ

ಮಂಗಳೂರಿನಲ್ಲಿ ಕ್ಯಾಕ್ಟಸ್ ಬೆಳೆಸುತ್ತೇನೆ ಅಂದರೆ ಎಲ್ಲರದ್ದೂ ಒಂದೇ ಪ್ರಶ್ನೆ, ಈ ಮಳೆಗೆ ಕೊಳೆತು ಹೋಗುವುದಿಲ್ವಾ? ಹೋಗುತ್ತದೆ. ಸುಮ್ನೆ ತಂದು ಅಂಗಳದಲ್ಲಿಟ್ಟರೆ ಖಂಡಿತ ಹೋಗುತ್ತದೆ. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಸಿನಿಮಾಗಳಲ್ಲಿ ಕಾಣುವ, ಎತ್ತರಕ್ಕೆ ಬೆಳೆದು ಕವಲೊಡೆದ ಸಗ್ವಾರೊ ಕ್ಯಾಕ್ಟಸ್ ಉಂಟಲ್ಲ, ಅದರ ಊರಾದ ಅರಿಝೋನಾದ ಟೂಸಾನ್ ಕಡೆ ಇಡೀ ವರ್ಷಕ್ಕೆ ಬೀಳುವುದು 300 ಮಿಲಿಮೀಟರ್ ಆಸುಪಾಸು. ಮಳೆ ಜೋರು ಹಿಡಿದರೆ ಅಷ್ಟು ನಮಗೆ ಒಂದೇ ವಾರಕ್ಕೆ ಬರುತ್ತದೆ. ಆದರೆ ಎಲ್ಲ ಕ್ಯಾಕ್ಟಸ್‌ಗಳೂ ಮರುಭೂಮಿಯವಲ್ಲ. ಇದು ಗೊತ್ತಾದರೆ ಕರಾವಳಿಯಲ್ಲಿ ಈ ಹವ್ಯಾಸ ಕಷ್ಟವೇ ಅಲ್ಲ.

ನಮ್ಮ ಕಡೆ ಮನೆಮನೆಯಲ್ಲೂ ಇರುವ ಬ್ರಹ್ಮಕಮಲವನ್ನೇ ತೆಗೆದುಕೊಳ್ಳಿ. ಅದೊಂದು ಕ್ಯಾಕ್ಟಸ್. ಹೆಸರು ಎಪಿಫಿಲಂ ಆಕ್ಸಿಪೆಟಾಲಂ, ಊರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. (ಹಿಮಾಲಯದ ಬ್ರಹ್ಮಕಮಲವೇ ಬೇರೆ, ಅದು ಸೂರ್ಯಕಾಂತಿ ಕುಟುಂಬದ ಗಿಡ.) ಅದರ ಎಲೆ ಅಂತ ನಾವು ಹೇಳುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಮಳೆಗಾಲದಲ್ಲಿ ಒಮ್ಮೆ ಅದರ ಅಂಚನ್ನು ಹತ್ತಿರದಿಂದ ನೋಡಿ. ಅಲ್ಲಲ್ಲಿ ಸಣ್ಣ ಕಚ್ಚುಗಳಿರುತ್ತವೆ, ಮೊಗ್ಗು ಬರುವುದು ಆ ಕಚ್ಚುಗಳಿಂದಲೇ. ಮೊದಲು ಗುಂಡುಸೂಜಿ ತಲೆಯಷ್ಟು ಕೆಂಪು ಚುಕ್ಕೆ, ಆಮೇಲೆ ಅದು ಉದ್ದವಾಗಿ ಕೆಳಗೆ ಜೋತುಬೀಳುತ್ತದೆ, ಅರಳುವ ದಿನ ಹತ್ತಿರವಾದಂತೆ ಬಾಗಿ ಮೊಗ್ಗಿನ ತುದಿ ಮೇಲೆ ಬರುತ್ತದೆ. ಹಾಗೆ ಬಾಗಿತು ಅಂದರೆ ಅಕ್ಕಪಕ್ಕದವರಿಗೆ ರಾತ್ರಿ ಬನ್ನಿ ಅಂತ ಹೇಳಿಬಿಡಬಹುದು. ಈ ಗಿಡ ನಮ್ಮ ಮಳೆಗೆ ಹೆದರುವುದಿಲ್ಲ. ಕಾಡಿನಲ್ಲಿ ಮರದ ಕೊಂಬೆಗಳ ಸಂದಿಯಲ್ಲಿ ಸೇರಿದ ತರಗೆಲೆಯಲ್ಲಿ ಬೇರು ಬಿಟ್ಟು, ಮಳೆಯಲ್ಲೇ ಬೆಳೆಯುವ ಜಾತಿ ಅದು. ಡ್ರ್ಯಾಗನ್ ಫ್ರೂಟ್ ಬಳ್ಳಿಯೂ ಅದೇ ಥರ ಮರ ಹತ್ತುವ ಕ್ಯಾಕ್ಟಸ್. ದಾರದಂತೆ ಜೋತುಬೀಳುವ ರಿಪ್ಸಾಲಿಸ್ ಕೂಡ ಹಾಗೆಯೇ. ರಿಪ್ಸಾಲಿಸ್‌ನ ಒಂದು ಜಾತಿ ಮಾತ್ರ ಅಮೆರಿಕ ಖಂಡಗಳ ಹೊರಗೆ ಆಫ್ರಿಕಾದಲ್ಲಿ, ನಮ್ಮ ಪಕ್ಕದ ಶ್ರೀಲಂಕಾದಲ್ಲಿ ತಾನಾಗಿಯೇ ಬೆಳೆಯುತ್ತದೆ. ಉಳಿದೆಲ್ಲ ಕ್ಯಾಕ್ಟಸ್‌ಗಳ ಮೂಲ ಅಮೆರಿಕ ಖಂಡಗಳೇ. ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಈ ಮೂರನ್ನು.

ಇನ್ನು ಗುರುತು ಹಿಡಿಯುವ ವಿಷಯ. ನರ್ಸರಿಗಳಲ್ಲಿ ಮುಳ್ಳಿದ್ದದ್ದೆಲ್ಲ ಕ್ಯಾಕ್ಟಸ್. ಯೂಫೋರ್ಬಿಯಾ ಎಂಬ ಬೇರೆಯೇ ಕುಟುಂಬದ ಗಿಡವನ್ನೂ ಅದೇ ಸಾಲಿನಲ್ಲಿ ಇಟ್ಟಿರುತ್ತಾರೆ. ಮುಳ್ಳು ಎಲ್ಲಿಂದ ಹುಟ್ಟುತ್ತದೆ ಅಂತ ನೋಡಿ, ಅಷ್ಟೇ ಸಾಕು. ಕ್ಯಾಕ್ಟಸ್‌ನಲ್ಲಿ ಮುಳ್ಳಿನ ಬುಡಕ್ಕೆ ಹತ್ತಿಯಂಥ ಒಂದು ಪುಟ್ಟ ಮೆತ್ತೆ ಇರುತ್ತದೆ, ಬಿಳಿ ಅಥವಾ ಕಂದು ಬಣ್ಣದ್ದು. ಇದಕ್ಕೆ ಏರಿಯೋಲ್ ಅಂತಾರೆ. ಮುಳ್ಳು, ಕೊಂಬೆ, ಹೆಚ್ಚಿನ ಜಾತಿಗಳಲ್ಲಿ ಹೂ ಕೂಡ ಅಲ್ಲಿಂದಲೇ. ಯೂಫೋರ್ಬಿಯಾದಲ್ಲಿ ಆ ಮೆತ್ತೆ ಇಲ್ಲ. ಹೆಚ್ಚಿನವುಗಳಲ್ಲಿ ಮುಳ್ಳು ಜೋಡಿಜೋಡಿಯಾಗಿ ನೇರ ಕಾಂಡದಿಂದಲೇ ಎದ್ದಿರುತ್ತದೆ. ಚುಚ್ಚಿದರೆ ಹಾಲು ಬಂತು, ಹಾಗಾಗಿ ಇದು ಕ್ಯಾಕ್ಟಸ್ ಅಲ್ಲ ಅಂತ ಕೆಲವರು ಹೇಳುತ್ತಾರೆ. ಆ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ ಮಾರಾಯ್ರೇ, ಯಾಕೆಂದರೆ ಮಮಿಲೇರಿಯಾ ಎಂಬ ಅಪ್ಪಟ ಕ್ಯಾಕ್ಟಸ್‌ನ ಕೆಲವು ಜಾತಿಗಳಲ್ಲೂ ಹಾಲು ಬರುತ್ತದೆ. ಅದೂ ಅಲ್ಲದೆ ಯೂಫೋರ್ಬಿಯಾದ ಹಾಲು ಕಣ್ಣಿಗೆ ತಾಗಿದರೆ ಅಪಾಯ. ಮಕ್ಕಳಿರುವ ಮನೆಯಲ್ಲಿ ಇದು ತಿಳಿದಿರಲೇಬೇಕು. ಬೇಲಿಯ ಎಲೆಕಳ್ಳಿ, ಬೊಂತೆಕಳ್ಳಿ ಎರಡೂ ಯೂಫೋರ್ಬಿಯಾಗಳೇ. ಪಾಪಾಸುಕಳ್ಳಿ ಮಾತ್ರ ನಿಜವಾದ ಕ್ಯಾಕ್ಟಸ್.

ಪಾಪಾಸುಕಳ್ಳಿಗೆ ನಮ್ಮ ದೇಶದಲ್ಲಿ ದೊಡ್ಡ ಕತೆಯೇ ಉಂಟು. ಅದರ ಮೇಲೆ ಕೂತು ರಸ ಹೀರುವ ಕೊಚಿನಿಯಲ್ ಎಂಬ ಹುಳದಿಂದ ಕೆಂಪು ಬಣ್ಣ ತೆಗೆಯುತ್ತಿದ್ದರು, ಬಟ್ಟೆಗೆ ಹಾಕಲು ಆ ಬಣ್ಣಕ್ಕೆ ಭಾರೀ ಬೆಲೆ. 1795ರಲ್ಲಿ ಬ್ರೆಜಿಲ್‌ನಿಂದ ಈ ಹುಳವನ್ನು ಭಾರತಕ್ಕೆ ತಂದರು. ಆದರೆ ಬಂದದ್ದು ಒಳ್ಳೆ ಬಣ್ಣ ಕೊಡುವ ಜಾತಿ ಅಲ್ಲ, ನೋಡಲು ಅದರಂತೆಯೇ ಇರುವ ಇನ್ನೊಂದು. ಬಣ್ಣದ ವ್ಯಾಪಾರ ಕೈಗೂಡಲಿಲ್ಲ, ಹುಳ ಮಾತ್ರ ಎಲ್ಲೆಂದರಲ್ಲಿ ಹಬ್ಬಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿತು. ಇನ್ನೊಂದು ಜಾತಿಯ ಪಾಪಾಸುಕಳ್ಳಿಯನ್ನು ಅದು ಮುಟ್ಟಲಿಲ್ಲ. ಅದನ್ನು ಹಿಡಿತಕ್ಕೆ ತರಲು 1926ರಲ್ಲಿ ಬೇರೆ ಜಾತಿಯ ಕೊಚಿನಿಯಲ್ ಹುಳವನ್ನೇ ತರಬೇಕಾಯಿತು. ಯಾವ ಹುಳ ಯಾವ ಗಿಡಕ್ಕೆ ಅಂತ ಸರಿಯಾಗಿ ಗುರುತಿಸುವುದು ಎಷ್ಟು ದೊಡ್ಡ ವಿಷಯ ಅಂತ ಇದನ್ನು ಓದಿದಾಗಲೆಲ್ಲ ನನಗೆ ಅನ್ನಿಸುತ್ತದೆ. ಕುಂಡದ ಗಿಡಗಳಿಗೆ ಕಾಟ ಕೊಡುವ ಹಿಟ್ಟು ತಿಗಣೆ ಈ ಕೊಚಿನಿಯಲ್‌ನ ದೂರದ ನೆಂಟ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಹೋಗುತ್ತದೆ, ಆದರೆ ಗಿಡ ಸುಮ್ನೆ ಸೊರಗುತ್ತಿದ್ದರೆ ಕುಂಡದಿಂದ ಎಬ್ಬಿಸಿ ಬೇರನ್ನೂ ನೋಡಿ, ಅಲ್ಲೂ ಅಡಗಿರುತ್ತದೆ.

ಮರುಭೂಮಿ ಕಡೆಯ ಗಿಡಗಳಿಗೆ ನಮ್ಮಲ್ಲಿ ಬೇಕಾದ್ದು ಒಂದು ಮಾಡು. ಬಿಸಿಲು ಬರಬೇಕು, ಮಳೆ ಬರಬಾರದು, ಗಾಳಿ ಆಡಬೇಕು. ಅಡಿಕೆ ಒಣಗಿಸಲು ಅಂಗಳದಲ್ಲಿ ಕಟ್ಟುವ ಪ್ಲಾಸ್ಟಿಕ್ ಶೀಟಿನ ಸೋಲಾರ್ ನೋಡಿದ್ದೀರಲ್ಲ, ಅದೇ ಶೀಟನ್ನು ತಾರಸಿಯಲ್ಲಿ ನಾಲ್ಕು ಪೈಪಿನ ಮೇಲೆ ಎಳೆದು ಕಟ್ಟಿ, ಬದಿಗಳನ್ನು ತೆರೆದೇ ಬಿಟ್ಟರೆ ಆಯಿತು. ಮುಚ್ಚಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಆಟಿ ತಿಂಗಳಲ್ಲಿ ಗಾಳಿಯಲ್ಲೇ ಅಷ್ಟು ಪಸೆ ಇರುವಾಗ ನಾನು ಅವುಗಳಿಗೆ ನೀರು ಹಾಕುವುದೇ ಇಲ್ಲ. ಸ್ವಲ್ಪ ಸುಕ್ಕಾಗುತ್ತವೆ, ಆಗಲಿ. ಸುಕ್ಕಾದದ್ದು ಮತ್ತೆ ತುಂಬಿಕೊಳ್ಳುತ್ತದೆ, ಕೊಳೆತದ್ದು ಬರುವುದಿಲ್ಲ.

ಮಣ್ಣಿನ ವಿಷಯದಲ್ಲಿ ನನ್ನದು ಸ್ವಲ್ಪ ಹಠ. ನರ್ಸರಿಯಿಂದ ಬರುವ ಗಿಡಗಳು ಹೆಚ್ಚಾಗಿ ಕೋಕೋಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ ಇರುತ್ತವೆ. ಅದು ನಮ್ಮ ಮಳೆಗಾಲದಲ್ಲಿ ವಾರಗಟ್ಟಲೆ ಒಣಗುವುದಿಲ್ಲ, ಹಾಗಾಗಿ ತಂದ ಕೂಡಲೇ ಅದನ್ನು ಉದುರಿಸಿ ತೆಗೆಯಬೇಕು. ಎರಡು ಪಾಲು ದಪ್ಪ ಹೊಯ್ಗೆ ಮತ್ತು ಒಡೆದ ಹಂಚಿನ ಚೂರು, ಒಂದು ಪಾಲು ಹಳೆ ಗೊಬ್ಬರ, ಸ್ವಲ್ಪ ಗೆರಟೆ ಕರಿ. ಹೊಯ್ಗೆ ಹೊಳೆಯದ್ದೇ ಆಗಬೇಕು, ಪಣಂಬೂರು ಬೀಚಿನದ್ದು ಬೇಡ, ಉಪ್ಪು ಇರುತ್ತದೆ. ಹಂಚಿಗೆ ಮಂಗಳೂರಿನವರು ಹುಡುಕಬೇಕಾಗಿಲ್ಲ, ಹಳೆ ಮನೆ ಕೆಡವಿದಲ್ಲೆಲ್ಲ ರಾಶಿ ಬಿದ್ದಿರುತ್ತದೆ. ನೀರು ಹಾಕಿದರೆ ಕುಂಡದ ತೂತಿನಿಂದ ಕೂಡಲೇ ಹೊರಗೆ ಬರಬೇಕು, ಅಷ್ಟು ಸಡಿಲ ಇರಬೇಕು.

ಬುಡ ಮೆತ್ತಗಾಗಿ ಬಣ್ಣ ಕಂದಿತು ಅಂದರೆ ಕಾಯಬೇಡಿ. ಸ್ಪಿರಿಟ್ ಹಚ್ಚಿದ ಚೂರಿಯಿಂದ ಮೇಲೆ ಕತ್ತರಿಸಿ, ಕತ್ತರಿಸಿದ ಮುಖದಲ್ಲಿ ನಡುವಿನ ವೃತ್ತ ಗಮನಿಸಿ. ಅದರಲ್ಲಿ ಒಂದೇ ಒಂದು ಕಂದು ಚುಕ್ಕೆ ಇದ್ದರೂ ಇನ್ನಷ್ಟು ಮೇಲೆ ಕತ್ತರಿಸಬೇಕು. ಪೂರ್ತಿ ಶುಚಿಯಾದ ಮೇಲೆ ನೆರಳಿನಲ್ಲಿ ಒಂದೆರಡು ವಾರ ಒಣಗಿಸಿ, ಒಣ ಹೊಯ್ಗೆಯ ಮೇಲೆ ಕೂರಿಸಿ. ಮತ್ತೆ ಬೇರು ಬರುತ್ತದೆ.

ತಲೆ ಮೇಲೆ ಕೆಂಪು, ಹಳದಿ ಉಂಡೆ ಇರುವ ಗಿಡ ತುಂಬಾ ಮಾರಾಟವಾಗುತ್ತದೆ. ಆ ಉಂಡೆಯಲ್ಲಿ ಹಸಿರು ಅಂಶವೇ ಇಲ್ಲ, ಹಾಗಾಗಿ ಅದು ತಾನಾಗಿ ಬದುಕಲಾರದು. ಕೆಳಗಿನ ಹಸಿರು ಕಾಂಡ ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟ್ ಜಾತಿಯದ್ದು, ಕಸಿ ಮಾಡಿರುತ್ತಾರೆ. ಕೆಲವು ವರ್ಷಕ್ಕೆ ಬೆಸುಗೆ ಬಿಡುತ್ತದೆ, ನಾನು ತೆಗೆದುಕೊಳ್ಳುವುದಿಲ್ಲ. ಗಮ್‌ನಿಂದ ಕಾಗದದಂಥ ಒಣ ಹೂ ಅಂಟಿಸಿದ್ದು ಅಂತೂ ಬೇಡವೇ ಬೇಡ, ಅಂಟು ಗಿಡ ಬೆಳೆಯುವ ತುದಿಯನ್ನೇ ಮುಚ್ಚಿಬಿಡುತ್ತದೆ.

ಹೂ ಬೇಕು ಅಂದರೆ ಗಿಮ್ನೋಕ್ಯಾಲಿಸಿಯಂ, ಮಮಿಲೇರಿಯಾ ನೋಡಿ. ರೆಬ್ಯೂಷಿಯಾಕ್ಕೆ ಚಳಿಗಾಲದ ಚಳಿ ಬೇಕು, ಜನವರಿಯಲ್ಲೂ ರಾತ್ರಿ 20 ಡಿಗ್ರಿ ಇರುವ ನಮ್ಮಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ನನ್ನ ಅತಿ ಪ್ರೀತಿಯದ್ದು ಮೆಲೋಕ್ಯಾಕ್ಟಸ್. ಕೆರಿಬಿಯನ್ ದ್ವೀಪಗಳು, ಬ್ರೆಜಿಲ್ ಅದರ ಊರು, ಕೆಲವು ಜಾತಿಗಳು ಸಮುದ್ರದ ಪಕ್ಕದಲ್ಲೇ ಬೆಳೆಯುತ್ತವೆ. ಚಳಿ ಆಗುವುದಿಲ್ಲ, ಸೆಕೆ ಆಗುತ್ತದೆ. ಪ್ರಾಯಕ್ಕೆ ಬಂದಾಗ ನೆತ್ತಿಯಲ್ಲಿ ಉಣ್ಣೆಯಂಥ ಟೊಪ್ಪಿ ಮೂಡುತ್ತದೆ. ಅಲ್ಲಿಂದ ಮುಂದೆ ಕೆಳಗಿನ ಹಸಿರು ಭಾಗ ಬೆಳೆಯುವುದು ನಿಲ್ಲುತ್ತದೆ, ಬೆಳೆಯುವುದು ಟೊಪ್ಪಿ ಮಾತ್ರ. ಹೂವೂ ಅಲ್ಲಿಂದಲೇ, ಆಮೇಲೆ ಗುಲಾಬಿ ಬಣ್ಣದ ಪುಟ್ಟ ಹಣ್ಣುಗಳು ಒಂದೊಂದಾಗಿ ಹೊರಗೆ ಬರುತ್ತವೆ.

ಆನ್‌ಲೈನ್‌ನಲ್ಲಿ ಅಪರೂಪದ್ದು ಅಂತ ತರಿಸುವವರು ಬೀಜದಿಂದ ಬೆಳೆಸಿದ್ದಾ ಅಂತ ಕೇಳಿ. ಕ್ಯಾಕ್ಟಸ್ ಜಾತಿಗಳಲ್ಲಿ ನೂರಕ್ಕೆ 31 ಅಳಿವಿನ ಅಪಾಯದಲ್ಲಿವೆ ಅಂತ 2015ರ ಒಂದು ಅಧ್ಯಯನ ಹೇಳಿತ್ತು, ಕಾಡಿನಿಂದ ಕಿತ್ತು ಮಾರುವುದೂ ಅದಕ್ಕೊಂದು ಕಾರಣ.

ಮನೆಗೆ ಬಂದ ಗಿಡಕ್ಕೆ ಹೆಸರಿನ ಚೀಟಿ ಇಡಿ. ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ನಮ್ಮ ಏಪ್ರಿಲ್ ಬಿಸಿಲಿಗೆ ಅಳಿಸಿ ಹೋಗುತ್ತದೆ, ಪೆನ್ಸಿಲ್‌ನಲ್ಲಿ ಬರೆದದ್ದು ಉಳಿಯುತ್ತದೆ. ಹೆಸರು ಗೊತ್ತಿಲ್ಲದ ಗಿಡ ಹೂ ಬಿಟ್ಟರೆ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆದಿಡಿ. ಹೂವಿನ ಹೊರಮೈಯಲ್ಲಿ ಕೂದಲಿದ್ದರೆ ಎಕಿನಾಪ್ಸಿಸ್ ಇರಬಹುದು, ನುಣ್ಣಗಿನ ಹುರುಪೆ ಮಾತ್ರ ಇದ್ದರೆ ಗಿಮ್ನೋಕ್ಯಾಲಿಸಿಯಂ, ನೆತ್ತಿಯ ಸುತ್ತ ಬಳೆಯಂತೆ ಸಣ್ಣ ಹೂಗಳು ಬಂದರೆ ಹೆಚ್ಚಾಗಿ ಮಮಿಲೇರಿಯಾ. ಪಕ್ಕದಿಂದ ತೆಗೆದ ಫೋಟೊ ಇಲ್ಲದಿದ್ದರೆ ಇದು ಯಾರಿಗೂ ಹೇಳಲು ಬರುವುದಿಲ್ಲ.