ನಿಮ್ಮೂರು ಕೆಜಿಎಫ್ ಅಂದ್ರೆ ಮನೇಲಿ ಚಿನ್ನ ಜಾಸ್ತಿ ಇರ್ಬೇಕು ಅಲ್ವಾ?

ಊರಿನ ಹೆಸರು ಹೇಳಿದ ಕೂಡಲೇ ಈ ಪ್ರಶ್ನೆ ಬರುತ್ತದೆ. ನಮ್ಮಮ್ಮನ ಹತ್ತಿರ ಇದ್ದದ್ದು ಒಂದು ಜೊತೆ ಓಲೆ. ಅದೂ ಚೀಟಿ ಹಾಕಿ ಕೊಂಡಿದ್ದು. ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದರು. ಆ ಗಣಿ ಮೂರು ಕಿಲೋಮೀಟರಿಗಿಂತ ಆಳ. ಕೊನೆಕೊನೆಗೆ ಒಂದು ಟನ್ ಕಲ್ಲು ಅರೆದರೆ ಕೆಲವೇ ಗ್ರಾಂ ಚಿನ್ನ. ಶಿಫ್ಟ್ ಮುಗಿಸಿ ಮೇಲೆ ಬಂದವರನ್ನು ಮೈ ತಡಕಿ ನೋಡಿಯೇ ಹೊರಗೆ ಬಿಡುತ್ತಿದ್ದರು.

ಅಮ್ಮನ ದಿನ ನಡೆಯುತ್ತಿದ್ದದ್ದು ಸೈರನ್ ಲೆಕ್ಕದಲ್ಲಿ. ಬೆಳಗಿನ ಶಿಫ್ಟ್ ಇದ್ದರೆ ನಾಲ್ಕಕ್ಕೇ ಒಲೆ ಹಚ್ಚಬೇಕು. ಡಬ್ಬಿ ಕಟ್ಟಿ ಕಳಿಸಿದ ಮೇಲೆ ಬಿಂದಿಗೆ ಹಿಡಿದು ಕೊಳಾಯಿಗೆ. ನೀರು ಬೇತಮಂಗಲದಿಂದ ಬರಬೇಕು, ನಮ್ಮ ಲೈನಿಗೆಲ್ಲ, ಅಂದ್ರೆ ಕಾರ್ಮಿಕರ ಮನೆಗಳ ಸಾಲಿಗೆಲ್ಲ, ಅದೊಂದೇ ಕೊಳಾಯಿ. ಮನೆಯಲ್ಲಿ ಕನ್ನಡ ಆಡುವ ಅಮ್ಮ ಅಲ್ಲಿ ನಿಂತರೆ ತಮಿಳಿನಲ್ಲೇ ಜಗಳ, ತಮಿಳಿನಲ್ಲೇ ಸಮಾಧಾನ.

ಆಷಾಢದ ಗಾಳಿ ಎದ್ದರೆ ಮಾತ್ರ ಅಮ್ಮನಿಗೆ ಸಾಕುಸಾಕಾಗುತ್ತಿತ್ತು. ಚಿನ್ನ ತೆಗೆದು ಸುರಿದ ಮಣ್ಣಿನ ಗುಡ್ಡಗಳಿಗೆ ನಾವು ಸೈನೈಡ್ ದಿಬ್ಬ ಅಂತೀವಿ. ಅದರ ಧೂಳು ಹಿಟ್ಟಿಗಿಂತ ನುಣುಪು. ಬಾಗಿಲು ಮುಚ್ಚಿದರೂ ಒಳಗೆ ಬರುತ್ತದೆ. ಅಮ್ಮ ತಟ್ಟೆ, ಲೋಟ ಎಲ್ಲ ಬೋರಲು ಹಾಕಿ, ಅನ್ನದ ಪಾತ್ರೆ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಿದ್ದರು. ಊಟದ ಹೊತ್ತಿಗೆ ಆ ಬಟ್ಟೆ ಬೂದಿ ಬಣ್ಣ. ಅದನ್ನು ಒಗೆದು ಹಿಂಡಿ ಮತ್ತೆ ಹೊದಿಸುವುದು. ದಿನಕ್ಕೆ ಎಷ್ಟು ಸಲವೋ.

ಇನ್ನೊಂದು, ರಾಕ್‌ಬರ್ಸ್ಟ್. ಆಳದಲ್ಲಿ ಬಂಡೆ ಒತ್ತಡ ತಡೆಯದೆ ಸಿಡಿಯುತ್ತದೆ. ಮೇಲೆ ನಮಗೆ ಗೊತ್ತಾಗುತ್ತಿದ್ದದ್ದು ಗೂಡಿನ ಪಾತ್ರೆಗಳು ಗಡಗಡ ಅಂದಾಗ. ಹೆಂಗಸರೆಲ್ಲ ಬೀದಿಗೆ ಬರುತ್ತಿದ್ದರು. ಯಾರ ಗಂಡ ಯಾವ ಶಿಫ್ಟ್ ಅಂತ ಎಲ್ಲರಿಗೂ ಗೊತ್ತು. ಆಮೇಲೆ ಯಾರೂ ಮಾತಾಡದೆ ಶಾಫ್ಟ್ ಕಡೆ, ಅಂದ್ರೆ ಗಣಿಗೆ ಇಳಿಯುವ ಬಾವಿಯ ಕಡೆ ನಡೆಯುವುದು. ಒಂದು ಸಲ ಅಮ್ಮನ ಕೈಯಲ್ಲಿ ಸೌಟು ಹಾಗೇ ಇತ್ತು. ಅಪ್ಪ ಮೇಲೆ ಬಂದದ್ದನ್ನು ಕಂಡ ಮೇಲೇ ಅದು ಅವರ ಗಮನಕ್ಕೆ ಬಂದದ್ದು. ಪಕ್ಕದ ಮನೆಯ ಅಕ್ಕ ಇನ್ನೂ ಕಾಯುತ್ತಿದ್ದರು. ಅಮ್ಮ ಅವರ ಜೊತೆ ಕತ್ತಲಾಗುವ ತನಕ ಅಲ್ಲೇ ನಿಂತರು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಪ್ಪನಿಗೆ ಅಷ್ಟರಲ್ಲಿ ಕೆಮ್ಮು ಜಾಸ್ತಿ, ಬೇರೆ ಕೆಲಸ ಆಗುವಂತಿರಲಿಲ್ಲ. ಅಮ್ಮ ಊರಿನ ಬೇರೆ ಹೆಂಗಸರ ಜೊತೆ ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿದರು. ಮೊದಲ ತಿಂಗಳ ಪಾಸ್ ಮಾಡಿಸಿದ್ದು ಆ ಓಲೆ ಅಡ ಇಟ್ಟ ದುಡ್ಡಿನಲ್ಲಿ.